ಭಟ್ಕಳದಲ್ಲಿ ಒಂದು ದಿನದ ಕಾಲ್ನಡಿಗೆ

ಸ್ಪೇನ್ ದೇಶದಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಕಳೆದ ಕಾರ್ತಿಕಮಾಸದಲ್ಲಿ ನಮಗೊಂದು ದೀರ್ಘಪತ್ರವನ್ನು ಬರೆದನು. ಗ್ರನಾಡವೆಂಬ ಪುರಾತನ ನಗರವನ್ನು ಒಂದೇ ದಿನದಲ್ಲಿ ಕಾಲ್ನಡಿಗೆಯಿಂದ ಸುತ್ತಿ ನೋಡಿದ ವೃತ್ತಾಂತವು ಅದರಲ್ಲಿತ್ತು. ಗುಡ್ಡದ ಮೇಲಣ ಅಲ್ಹಾಂಬ್ರಾ ಅರಮನೆ, ಎದುರು ದಿಣ್ಣೆಯ ಇಕ್ಕಟ್ಟಾದ ಓಣಿಗಳು, ಮುಸಲ್ಮಾನ ಅರಸರು ಕಟ್ಟಿಸಿದ ಗೋಡೆಗಳ ಸಮೀಪದಲ್ಲಿಯೇ 1492 ರ ತರುವಾಯ ಎದ್ದುನಿಂತ ಕ್ರೈಸ್ತ ದೇವಾಲಯಗಳು, ಇವೆಲ್ಲವನ್ನೂ ಆತನು ಸೊಗಸಾಗಿ ವರ್ಣಿಸಿದ್ದನು. ಅಷ್ಟಕ್ಕೇ ನಿಲ್ಲಿಸಿದ್ದರೆ ನಮಗೆ ಸಂತೋಷವೇ ಆಗುತ್ತಿತ್ತು. ಆದರೆ ಪತ್ರದ ಕೊನೆಯಲ್ಲಿ, "ಮಾಸ್ತರರೇ, ಹೀಗೆ ಬೆಳಗಿನಿಂದ ಸಂಜೆಯವರೆಗೆ ನಡೆದು ನೋಡುವಂತಹ ಊರು ನಮ್ಮ ಕಡೆಯಲ್ಲಿ ಒಂದೂ ಇಲ್ಲವಲ್ಲ!" ಎಂದು ಬರೆದಿದ್ದನು. ಈ ವಾಕ್ಯವು ನಮ್ಮ ಮನಸ್ಸಿಗೆ ಮುಳ್ಳಿನಂತೆ ನಾಟಿತು. ಕುಮಟೆಯಲ್ಲಿ ಹುಟ್ಟಿ, ಹೊನ್ನಾವರದಲ್ಲಿ ಓದಿ, ನಮ್ಮ ಕೈಯಲ್ಲಿ ಮೂರು ವರ್ಷ ಕನ್ನಡ ಸಂಸ್ಕೃತಗಳನ್ನು ಕಲಿತವನು ಹೀಗೆ ಬರೆಯುವನೆಂದರೆ ತಪ್ಪು ಆತನದೋ, ಕಲಿಸಿದವರದೋ?

ಅವನಿಗೆ ಕೂಡಲೇ ಒಂದು ಉತ್ತರವನ್ನು ಬರೆದೆವು. ಮೊರೊಕ್ಕೋ ದೇಶದ ಇಬ್ನ್ ಬತೂತನೆಂಬ ಮಹಾಯಾತ್ರಿಕನು 1350 ರ ಸುಮಾರಿಗೆ ನಿನ್ನ ಗ್ರನಾಡವನ್ನು ನೋಡಿದನು, ನಿಜ. ಆದರೆ ಅದಕ್ಕೂ ಮೊದಲು, 1342 ರ ಸುಮಾರಿಗೆ, ಅದೇ ಮನುಷ್ಯನು ನಮ್ಮ ಹೊನ್ನಾವರಕ್ಕೆ ಬಂದು ಅದನ್ನು ಬಾಯ್ತುಂಬ ಹೊಗಳಿ ಹೋಗಿರುವನು. ಆ ಊರಿನಲ್ಲಿ ಗಂಡುಮಕ್ಕಳಿಗೆ 23 ಪಾಠಶಾಲೆಗಳೂ ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳೂ ಇದ್ದುವೆಂದೂ, ಅಲ್ಲಿಯ ಸ್ತ್ರೀಯರು ಕುರಾನನ್ನು ಕಂಠಪಾಠ ಮಾಡಿದ್ದರೆಂದೂ, ಇಂತಹದನ್ನು ತಾನು ಬೇರೆಲ್ಲಿಯೂ ಕಾಣಲಿಲ್ಲವೆಂದೂ ಬರೆದಿರುವನು. ನಿನಗೆ ಗ್ರನಾಡದ ಓಣಿಗಳು ತಿಳಿದುವು, ಹೊನ್ನಾವರದ ಹದಿಮೂರು ಶಾಲೆಗಳು ತಿಳಿಯಲಿಲ್ಲ! ಪತ್ರವನ್ನು ಪೆಟ್ಟಿಗೆಗೆ ಹಾಕಿ ಬಂದ ಮೇಲೆ ನಮಗೇ ನಗು ಬಂದಿತು. ಬೈದು ಬರೆಯುವುದು ಸುಲಭ. ನಾವಾದರೂ ನಮ್ಮ ಸೀಮೆಯ ಊರೊಂದನ್ನು ಹಾಗೆ ಇಡೀ ದಿನ ನಡೆದು ನೋಡಿದ್ದೆವೇ? ಇಲ್ಲ. ಆದಕಾರಣ ಪುಷ್ಯಮಾಸದ ಒಂದು ದಿನ ಭಟ್ಕಳಕ್ಕೆ ಹೋಗುವುದೆಂದು ನಿಶ್ಚಯಿಸಿದೆವು. ಹೋಗಬೇಕಾದುದಕ್ಕೆ ಇನ್ನೊಂದು ಕಾರಣವೂ ಉಂಟು. ಅದನ್ನು ಮುಂದೆ ಹೇಳುವೆವು.

ನಮ್ಮ ಸಂಗಡ ಹೊರಟವಳು ಹನ್ನೊಂದು ವರ್ಷದ ಮೊಮ್ಮಗಳು. ಮನೆಯಾಕೆಗೆ ಮೊಣಕಾಲಿನ ನೋವಿದ್ದುದರಿಂದ ಅವಳು ಬರಲೊಲ್ಲದೆ, ಒಗ್ಗರಣೆ ಹಾಕಿದ ಅವಲಕ್ಕಿಯ ಗಂಟನ್ನೂ ನೀರಿನ ತಂಬಿಗೆಯನ್ನೂ ಕೈಗೆ ಕೊಟ್ಟು, "ಬರುವಾಗ ಭಟ್ಕಳ ಮಲ್ಲಿಗೆಯನ್ನು ತರದೆ ಬಂದೀರಿ!" ಎಂದು ಎಚ್ಚರಿಸಿ ಕಳುಹಿದಳು. ಕುಮಟೆಯಿಂದ ಭಟ್ಕಳಕ್ಕೆ ಸುಮಾರು 60 ಕಿಲೋಮೀಟರು. ಹೆದ್ದಾರಿಯಲ್ಲಿ ಬಸ್ಸುಗಳು ಎಡೆಬಿಡದೆ ಓಡಾಡುತ್ತಿದ್ದರೂ ನಾವು ಬೆಳಗಿನ ಪ್ಯಾಸೆಂಜರ್ ರೈಲನ್ನೇ ಹಿಡಿದೆವು. 1998 ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣವಾಗುವ ಮೊದಲು ನಮ್ಮ ಸೀಮೆಯವರಿಗೆ ರೈಲನ್ನು ನೋಡಬೇಕೆಂದರೆ ಘಟ್ಟವನ್ನು ಹತ್ತಬೇಕಾಗಿತ್ತು, ಇಲ್ಲವೆ ಮಂಗಳೂರಿಗೋ ಗೋವೆಗೋ ಹೋಗಬೇಕಾಗಿತ್ತು. ಹೊನ್ನಾವರವನ್ನು ದಾಟಿದೊಡನೆ ಶರಾವತಿಯ ಮೇಲಣ ಸೇತುವೆ ಬರುವುದು. ಎರಡು ಕಿಲೋಮೀಟರಿಗಿಂತಲೂ ಉದ್ದವಾದ ಈ ಸೇತುವೆಯೇ ಕೊಂಕಣ ಮಾರ್ಗದಲ್ಲೆಲ್ಲ ಅತಿ ದೀರ್ಘವಾದುದು. ಮೊಮ್ಮಗಳು ಕಿಟಕಿಯ ಸರಳುಗಳಿಗೆ ಮುಖವನ್ನೊತ್ತಿ ನಿಂತು, ಕೆಳಗೆ ಹರಡಿದ ನೀರನ್ನೂ ನಡುಗಡ್ಡೆಯ ತೆಂಗಿನ ತೋಟಗಳನ್ನೂ ನೋಡುತ್ತ, "ಅಜ್ಜಾ, ಆ ಹದಿಮೂರು ಶಾಲೆಗಳು ಇಲ್ಲಿಯೇ ಇದ್ದುವೇ?" ಎಂದು ಕೇಳಿದಳು. ಈ ಹೊಳೆಯ ದಡದಲ್ಲೆಲ್ಲೋ ಇದ್ದುವು ಎಂದೆವು. ಮಂಕಿ, ಮುರುಡೇಶ್ವರ, ಚಿತ್ರಾಪುರ ನಿಲ್ದಾಣಗಳು ಹಿಂದಾಗಿ, ಭಟ್ಕಳದಲ್ಲಿ ಇಳಿಯುವಾಗ ಬಿಸಿಲು ಇನ್ನೂ ಎಳೆಯದಾಗಿತ್ತು.

ನಿಲ್ದಾಣದ ಹೊರಗೆ ಆಟೋರಿಕ್ಷಾದವರು ಸುತ್ತುವರಿದರು. ನಡೆದೇ ಹೋಗುವೆವೆಂದು ಹೇಳಿದಾಗ ಒಬ್ಬನು ಮೊಮ್ಮಗಳನ್ನು ಕರುಣೆಯಿಂದ ನೋಡಿದನು.

ಮೊದಲು ಹೋದುದು ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಗೆ. ಭಟ್ಕಳದ ಪುರಾತನ ಕಟ್ಟಡಗಳಲ್ಲಿ ಇದೇ ಅತ್ಯಂತ ದೊಡ್ಡದು; ಅಲಂಕಾರವು ಅತ್ಯಂತ ಕಡಮೆಯಾದುದೂ ಇದೇ. ಉದ್ದ 112 ಅಡಿ, ಅಗಲ 40 ಅಡಿ. ಅಗ್ರಶಾಲೆ, ಭೋಗಮಂಟಪ, ಬಸದಿ ಎಂದು ಮೂರು ಭಾಗಗಳು ಒಂದರ ಹಿಂದೊಂದು ಇವೆ; ಅಗ್ರಶಾಲೆಗೂ ಬಸದಿಗೂ ಎರಡೆರಡು ಅಂತಸ್ತುಗಳು. ಸುತ್ತಲೂ ಪ್ರಾಕಾರದ ಗೋಡೆ, ಒಳಗೆ ತೆರೆದ ಬಯಲು. ಮುಂಭಾಗದಲ್ಲಿ ಮೂರು ಮೆಟ್ಟಿಲಿನ ಪೀಠದ ಮೇಲೆ 21 ಅಡಿ ಎತ್ತರದ ಏಕಶಿಲೆಯ ಮಾನಸ್ತಂಭ. ಹಿಂಭಾಗದಲ್ಲಿ ಯಕ್ಷಬ್ರಹ್ಮ ಕಂಬವೆಂದು ಕರೆಯುವ 19 ಅಡಿಯ ಇನ್ನೊಂದು ಕಂಬ. ಹೇಳಿದರೆ ಇಷ್ಟೇ. ಆದರೆ ಆ ಬಯಲಿನಲ್ಲಿ ನಿಂತಾಗ ಕಟ್ಟಡವು ನಮ್ಮ ಮಲೆನಾಡಿನ ದೊಡ್ಡ ಮನೆಯೊಂದರಂತೆ ಕಾಣಿಸುವುದೇ ಹೊರತು ದೇವಾಲಯದಂತೆ ಕಾಣಿಸುವುದಿಲ್ಲ. ಗೋಪುರವಿಲ್ಲ, ಶಿಖರವಿಲ್ಲ, ಇಳಿಜಾರಾದ ಕಲ್ಲಿನ ಮಾಡು, ತಗ್ಗಾದ ಬಾಗಿಲುಗಳು, ನೆರಳು. ಒಳಗೆ ಕಾಲಿಟ್ಟೊಡನೆ ಮೊಮ್ಮಗಳು ತನಗೆ ತಾನೇ ದನಿಯನ್ನು ತಗ್ಗಿಸಿದಳು.

ಇಲ್ಲಿಯೇ ನಮ್ಮ ಎರಡನೆಯ ಕಾರಣವು ನೆನಪಿಗೆ ಬಂದಿತು. ಇದನ್ನು ಕಟ್ಟಿಸಿದ ಜಟ್ಟಪ್ಪ ನಾಯಕನು ಪೂಜಾವಿಧಿಗಾಗಿ ತೆಂಕಣ ದೇಶದಿಂದ ಭಟ್ಟಾಕಳಂಕನೆಂಬ ಗುರುವನ್ನು ಕರೆಸಿದನೆಂದೂ, ಆತನಿಂದಲೇ ಊರಿಗೆ ಭಟ್ಕಳವೆಂಬ ಹೆಸರು ಬಂದಿತೆಂದೂ ಒಂದು ಐತಿಹ್ಯ. ಈ ಊರಿಗೆ ಸಮೀಪದ ಹಾಡುವಳ್ಳಿಯಲ್ಲಿ, ಎಂದರೆ ಹಿಂದಿನ ಸಂಗೀತಪುರದಲ್ಲಿ, ಜೈನರ ವಿದ್ಯಾಪೀಠವೊಂದಿತ್ತು. ಆ ಪರಂಪರೆಗೆ ಸೇರಿದ ಭಟ್ಟಾಕಳಂಕದೇವನು 1604 ರಲ್ಲಿ 'ಕರ್ಣಾಟಕ ಶಬ್ದಾನುಶಾಸನ'ವೆಂಬ ವ್ಯಾಕರಣವನ್ನು ರಚಿಸಿದನು. ಕನ್ನಡ ಭಾಷೆಯ ವ್ಯಾಕರಣವಾದರೂ ಅದರ 592 ಸೂತ್ರಗಳು ಸಂಸ್ಕೃತದಲ್ಲಿವೆ. ಅವಕ್ಕೆ ವೃತ್ತಿಯನ್ನೂ ವ್ಯಾಖ್ಯಾನವನ್ನೂ ಆತನೇ ಸಂಸ್ಕೃತದಲ್ಲಿ ಬರೆದಿರುವನು. ಕನ್ನಡವು ಶಾಸ್ತ್ರಕ್ಕೆ ತಕ್ಕ ಭಾಷೆಯಲ್ಲವೆಂದು ಮೂಗುಮುರಿಯುವ ಪಂಡಿತರಿಗೆ, ಅವರದೇ ಭಾಷೆಯಲ್ಲಿ, ಪಾಣಿನಿಯ ಪದ್ಧತಿಯಲ್ಲಿಯೇ ಉತ್ತರವನ್ನು ಕೊಟ್ಟ ಮಹನೀಯನು. ನಮ್ಮ ಯೌವನದಲ್ಲಿ ಈ ಗ್ರಂಥವನ್ನು ಗುರುಮುಖದಿಂದ ಸ್ವಲ್ಪ ಓದಿದ್ದೆವು. ಆ ಅಭಿಮಾನದ ಭರದಲ್ಲಿ, ಮೂವತ್ತು ವರ್ಷಗಳ ಕಾಲ ತರಗತಿಯಿಂದ ತರಗತಿಗೆ, "ಭಟ್ಕಳಕ್ಕೆ ಆ ಹೆಸರು ಬಂದುದು ಶಬ್ದಾನುಶಾಸನವನ್ನು ಬರೆದ ಭಟ್ಟಾಕಳಂಕನಿಂದ" ಎಂದು ಹೇಳಿಕೊಡುತ್ತಲೇ ಬಂದೆವು. ಮಕ್ಕಳು ಬರೆದುಕೊಂಡರು, ಪರೀಕ್ಷೆಯಲ್ಲಿ ಬರೆದರು, ನಾವು ಗುಣಗಳನ್ನು ಕೊಟ್ಟೆವು.

ನಿವೃತ್ತರಾದ ಮೇಲೆ ಪ್ರವಾಸಕಥನಗಳನ್ನು ಬಿಡುವಾಗಿ ಓದುತ್ತಿರುವಾಗ ಎದೆ ಧಸಕ್ಕೆಂದಿತು. ದುಆರ್ತೆ ಬಾರ್ಬೋಸನೆಂಬ ಪೋರ್ತುಗೀಜನು 1516 ರ ಸುಮಾರಿಗೆ ಬರೆದ ಪುಸ್ತಕದಲ್ಲಿಯೇ 'ಬಟಿಕಲಾ' ಎಂಬ ಹೆಸರು ಇದೆ! ಚಿಕ್ಕ ಹೊಳೆಯ ದಡದ ದೊಡ್ಡ ಪಟ್ಟಣ, ಹಿಂದೂ ಮುಸಲ್ಮಾನ ವರ್ತಕರಿಂದ ತುಂಬಿದುದು, ಹೊರ್ಮುಜಿನಿಂದ ಕುದುರೆಗಳೂ ಮುತ್ತುಗಳೂ ಇಲ್ಲಿಗೆ ಬಂದಿಳಿಯುವುವು, ಇಲ್ಲಿಂದ ಬಿಳಿಯ ಅಕ್ಕಿ, ಪುಡಿಸಕ್ಕರೆ, ಕಬ್ಬಿಣಗಳು ಹೋಗುವುವು ಎಂದು ಆತನು ವರ್ಣಿಸಿರುವನು. ಅದಕ್ಕೂ ಮೊದಲೇ, 1502 ರಲ್ಲಿ, ವಾಸ್ಕೋ ಡ ಗಾಮನು ತನ್ನ ಎರಡನೆಯ ಯಾತ್ರೆಯಲ್ಲಿ ಈ ರೇವಿಗೆ ಬಂದು ಹೆದರಿಸಿ ಕಪ್ಪವನ್ನು ಒಪ್ಪಿಸಿಕೊಂಡು ಹೋಗಿದ್ದನು. 1604 ರಲ್ಲಿ ಗ್ರಂಥವನ್ನು ಮುಗಿಸಿದವನ ಹೆಸರು 1516 ಕ್ಕೆ ಊರಿಗೆ ಹೇಗೆ ಬರುವುದು? ಲೆಕ್ಕವು ಮೂರನೆಯ ತರಗತಿಯದು. ಅದನ್ನು ಮೂವತ್ತು ವರ್ಷ ನಾವು ಮಾಡದೆಹೋದೆವು.

ಬಸದಿಯ ಜಗಲಿಯ ಮೇಲೆ ಕುಳಿತು ಇದನ್ನು ಮೊಮ್ಮಗಳಿಗೆ ಹೇಳಿದೆವು. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಎಷ್ಟು ಮಂದಿಗೆ ಕಲಿಸಿದಿರಿ, ಅಜ್ಜಾ?" ಎಂದಳು. ಸಾವಿರಕ್ಕೆ ಕಡಮೆಯಿಲ್ಲವೆಂದೆವು. ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ಅಲ್ಲಿಂದ ಪಾರ್ಶ್ವನಾಥ ಬಸದಿಗೆ ಹೋದೆವು. ಇದು ಚಿಕ್ಕದು, ಉದ್ದ 58 ಅಡಿ, ಅಗಲ 18 ಅಡಿ. ಶಾಸನದ ಪ್ರಕಾರ ಶಾಲಿವಾಹನಶಕ 1465 ರಲ್ಲಿ ಕಟ್ಟಿದುದು. ಶಕವರ್ಷಕ್ಕೆ 78 ನ್ನು ಕೂಡಿಸಿದರೆ ಕ್ರಿಸ್ತವರ್ಷ ದೊರೆಯುವುದೆಂದು ಹೇಳಿದಾಗ ಮೊಮ್ಮಗಳು ಕೈಬೆರಳಿನಲ್ಲಿಯೇ ಎಣಿಸಿ 1543 ಎಂದಳು. ಈ ಸಂಖ್ಯೆಯನ್ನು ವಾಚಕರು ಸ್ವಲ್ಪ ಗಮನಿಸಬೇಕು. ಅದರ ಹಿಂದಿನ ವರ್ಷ, 1542 ರಲ್ಲಿ, ಗೋವೆಯ ಗವರ್ನರನಾದ ಮಾರ್ತಿಮ್ ಅಫೋನ್ಸೊ ದೆ ಸೌಜನು ಹಡಗುಗಳೊಡನೆ ಬಂದು, ಕಪ್ಪದ ಜಗಳವನ್ನು ಮುಂದುಮಾಡಿ, ಇಲ್ಲಿ ಆಳುತ್ತಿದ್ದ ರಾಣಿಯ ಜನರೊಡನೆ ಕಾದಿ, ಪಟ್ಟಣವನ್ನು ಸೂರೆಮಾಡಿ ಸುಟ್ಟನು. ಬಸದಿಯ ಕೆಲಸವು ಆ ಮೊದಲೇ ಆರಂಭವಾಗಿದ್ದಿರಬಹುದು. ಆದರೂ ಊರು ಸುಟ್ಟ ಮರುವರ್ಷ ಕಲ್ಲನ್ನು ಕಡೆದು, ನಿಲ್ಲಿಸಿ, ದಿನವನ್ನು ನೋಡಿ ಶಾಸನವನ್ನು ಬರೆಯಿಸಿದ ಆ ವರ್ತಕರ ಧೈರ್ಯವು ನಮ್ಮನ್ನು ಬೆರಗುಗೊಳಿಸಿತು. ಇನ್ನು ಹನ್ನೆರಡು ವರ್ಷಗಳಿಗೆ, ಶಕ 1477 ರಲ್ಲಿ, ಶಾಂತಪ್ಪ ನಾಯಕನ ತಿರುಮಲ ದೇವಾಲಯವೂ ಎದ್ದಿತು. ಅದನ್ನು ಹೊರಗಿನಿಂದಲೇ ನೋಡಿ ಮುಂದೆ ಸಾಗಿದೆವು, ಬಾಗಿಲಿಗೆ ಬೀಗವಿತ್ತು.

ಮೂಡಭಟ್ಕಳದ ಕಡೆಗೆ ನಡೆದು ಖೇತಪೈ ನಾರಾಯಣ ದೇವಾಲಯವನ್ನು ಮುಟ್ಟುವಷ್ಟರಲ್ಲಿ ಬಿಸಿಲೇರಿ ಕೊಡೆಯನ್ನು ಬಿಚ್ಚಬೇಕಾಯಿತು. ಒಂದು ದಿನ ಭಟ್ಕಳಕ್ಕೆ ಹೋಗುವ ವಾಚಕರು ಬೇರೇನನ್ನು ಬಿಟ್ಟರೂ ಇದನ್ನು ಬಿಡಬಾರದು. ಗೋವೆಯ ಕಡೆಯಿಂದ ಬಂದ ಖೇತಪೈ ಎಂಬ ವರ್ತಕನು ಹದಿನಾರನೆಯ ಶತಮಾನದಲ್ಲಿ ಇದನ್ನು ಕಟ್ಟಿಸಿದನೆಂದು ಹೇಳುವರು. ಅರಸನ ಹೆಸರನ್ನಲ್ಲ, ವ್ಯಾಪಾರಿಯ ಹೆಸರನ್ನು ಹೊತ್ತು ನಿಂತ ದೇವರು! ಹಂಪೆಯಲ್ಲಿ ಅರಸರು ಕಟ್ಟಿಸಿದರು. ಅದೇ ವಿಜಯನಗರದ ಕಾಲದಲ್ಲಿ ಇಲ್ಲಿ ಸೆಟ್ಟಿಗಳೂ ಪೈಗಳೂ ನಾಯಕರೂ ಕಟ್ಟಿಸಿದರು. ರೇವಿನ ಊರಿನ ಲಕ್ಷಣವೇ ಇದು.

ನಮ್ಮ ಕರಾವಳಿಯಲ್ಲಿ ಮಳೆಗಾಲವೊಂದರಲ್ಲಿ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವುದನ್ನು ಎಲ್ಲರೂ ಬಲ್ಲರು. ಘಟ್ಟದ ಮೇಲಣ ಶಿಲ್ಪಿಯು ಕಟ್ಟುವ ಸಮತಲದ ಮಾಳಿಗೆಯು ಇಲ್ಲಿ ಎಷ್ಟು ದಿನ ತಡೆದೀತು? ಆದುದರಿಂದ ಇಲ್ಲಿಯ ಕಲ್ಲುಕುಟಿಗರು ಬಡಗಿಯನ್ನು ಗುರುವನ್ನಾಗಿ ಮಾಡಿಕೊಂಡರು. ಮನೆಯ ಮಾಡು ಹೇಗೆ ಇಳಿಜಾರಾಗಿರುವುದೋ ಹಾಗೆಯೇ ದೊಡ್ಡ ದೊಡ್ಡ ಕಲ್ಲಿನ ಚಪ್ಪಡಿಗಳನ್ನು ಒಂದರ ಅಂಚಿನ ಮೇಲೆ ಒಂದು ಬರುವಂತೆ ಓರೆಯಾಗಿ ಹೊದಿಸಿ, ಎರಡು ಚಪ್ಪಡಿಗಳ ಸಂದಿನ ಮೇಲೆ ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಕೂರಿಸಿರುವರು. ನೀರು ಒಂದು ಹನಿಯೂ ನಿಲ್ಲದೆ ಜಾರಿ ಹೋಗಬೇಕು. ಮುಂಭಾಗದ ಮಂಟಪಕ್ಕೆ ಗೋಡೆಯ ಬದಲು ಕಲ್ಲಿನ ಜಾಲರಿ. ಮರದ ಪಟ್ಟಿಗಳನ್ನು ಅಡ್ಡಲಾಗಿ ಜೋಡಿಸಿ ಮಾಡುವ ತಡಿಕೆಯಂತೆಯೇ, ಕಲ್ಲನ್ನು ಪಟ್ಟಿಪಟ್ಟಿಯಾಗಿ ಕೊರೆದು, ಗಾಳಿ ಬೆಳಕುಗಳು ಒಳಗೆ ಬರುವಂತೆಯೂ ಇರಿಚಲು ಹೊರಗೇ ಉಳಿಯುವಂತೆಯೂ ನಿಲ್ಲಿಸಿರುವರು. ಪುರಾತತ್ತ್ವಜ್ಞ ಹೆನ್ರಿ ಕಸಿನ್ಸ್ ಮಹಾಶಯನು ಕನ್ನಡ ಜಿಲ್ಲೆಗಳ ಚಾಲುಕ್ಯ ಶಿಲ್ಪವನ್ನು ಕುರಿತು 1926 ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಶೈಲಿಯಿಂದಲೂ ಕಾಲದಿಂದಲೂ ಬೇರೆಯಾದ ಈ ಭಟ್ಕಳದ ದೇವಾಲಯಗಳಿಗೂ ಎಡೆಗೊಟ್ಟಿರುವನು.

ಗರ್ಭಗೃಹದ ಹೊರಗೋಡೆಯ ಮೇಲೆ ರಾಮಾಯಣದ ಪ್ರಸಂಗಗಳೂ ಕೃಷ್ಣಲೀಲೆಯ ಪ್ರಸಂಗಗಳೂ ಸಾಲುಸಾಲಾಗಿ ಕೆತ್ತಲ್ಪಟ್ಟಿವೆ. ಬೊಂಬೆಗಳು ಗೇಣುದ್ದವೂ ಇಲ್ಲ. ಹಂಪೆಯ ಹಜಾರರಾಮನ ಗುಡಿಯ ಬೆಡಗು ಇವಕ್ಕಿಲ್ಲವೆಂಬುದನ್ನು ಒಪ್ಪಲೇಬೇಕು. ಆದರೆ ಅಲ್ಲಿ ನಾಲ್ಕು ಮಂದಿಯ ಹಿಂದೆ ನಿಂತು ನೋಡಬೇಕು. ಇಲ್ಲಿ ಬೊಂಬೆಗಳಿಗೆ ಮುಖವನ್ನು ತಾಗಿಸಿ ನೋಡಬಹುದು. ಮೊಮ್ಮಗಳು ಗೋಡೆಯ ಸುತ್ತ ಮೂರು ಸಲ ಬಂದಳು. ಕಥೆಯನ್ನು ಅವಳು ಹೇಳುವುದು, ಬೊಂಬೆಯನ್ನು ನಾವು ಹುಡುಕುವುದು, ಹೀಗೆ ಒಂದು ಗಂಟೆ ಕಳೆಯಿತು. ಕೆಲವು ಮುಖಗಳು ಸವೆದು ಹೋಗಿ ರಾಮನಾರು ಲಕ್ಷ್ಮಣನಾರು ಎಂಬುದು ತಿಳಿಯದಂತಾಗಿದೆ. ಉಪ್ಪುಗಾಳಿಗೆ ದಾಕ್ಷಿಣ್ಯವಿಲ್ಲ. ನೆರಳಿನಲ್ಲಿ ಕುಳಿತು ಅವಲಕ್ಕಿಯ ಗಂಟನ್ನು ಬಿಚ್ಚಿದೆವು.

ಮಧ್ಯಾಹ್ನ ಊರೊಳಗೆ ಹಿಂದಿರುಗಿ ನವಾಯತರ ಕೇರಿಗಳಲ್ಲಿ ನಡೆದೆವು. ಕಡಲ ವ್ಯಾಪಾರಕ್ಕಾಗಿ ಬಂದ ಅರಬರ ಸಂತತಿಯೆಂದು ಹೇಳಿಕೊಳ್ಳುವ ಈ ಸಮಾಜದವರು ಶತಮಾನಗಳಿಂದ ಇಲ್ಲಿ ನೆಲಸಿರುವರು. ಮನೆಯಲ್ಲಿ ಆಡುವ ನವಾಯತಿ ಭಾಷೆಯು ಕೊಂಕಣಿಗೆ ಹತ್ತಿರದ ನಂಟು. ಅದರಲ್ಲಿ ಅರಬ್ಬಿ ಪಾರಸಿ ಶಬ್ದಗಳು ಬೆರೆತಿವೆ. ಬರೆಯುವುದು ಅರಬ್ಬಿ ಮೂಲದ ಲಿಪಿಯಲ್ಲಿ. 1919 ರಲ್ಲಿಯೇ ಈ ಸಮಾಜದವರು ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಎಂಬ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದರು. ಚಿನ್ನದ ಪಳ್ಳಿಯೆಂದು ಜನರು ಕರೆಯುವ ಜಾಮಿಯಾ ಮಸೀದಿಯನ್ನು ಬೀದಿಯಿಂದಲೇ ನೋಡಿದೆವು. ಓಣಿಗಳು ಇಕ್ಕಟ್ಟು, ಮನೆಗಳು ಎತ್ತರ, ಬಾಗಿಲುಗಳ ಮರಗೆಲಸ ಸೊಗಸು. ಹಳೆಯ ಮನೆಗಳು ಕೆಲವೇ ಉಳಿದಿವೆ. ಸಾಗರದಾಚೆಯ ದುಡಿಮೆಯಿಂದ ಎದ್ದ ಹೊಸ ಮನೆಗಳೇ ಹೆಚ್ಚು. ಕುದುರೆಯನ್ನು ತಂದ ಕಡಲದಾರಿಯಲ್ಲಿಯೇ ಈಗ ಮಕ್ಕಳು ದುಡಿಯಲು ಹೋಗುವರು.

ಈ ಕೇರಿಯಲ್ಲಿಯೇ ನಮ್ಮ ಇನ್ನೊಬ್ಬ ಹಳೆಯ ವಿದ್ಯಾರ್ಥಿಯ ಮನೆಯಿದೆ. ಉದ್ಯೋಗದ ಮೊದಲ ವರ್ಷಗಳಲ್ಲಿ ನಾವು ಈ ತಾಲೂಕಿನಲ್ಲಿದ್ದಾಗ ನಮ್ಮಲ್ಲಿ ಕನ್ನಡವನ್ನು ಕಲಿತವನು. ಈಗ ಬಟ್ಟೆಯ ಅಂಗಡಿಯನ್ನು ನಡೆಸುವನು. ಬರುವೆವೆಂದು ಮೊದಲೇ ತಿಳಿಸಿದ್ದುದರಿಂದ ಓಣಿಯ ತಿರುವಿನಲ್ಲಿಯೇ ಕಾದಿದ್ದನು. "ಬನ್ನಿ ಮಾಸ್ತರರೇ, ಇಷ್ಟು ಬಿಸಿಲಿನಲ್ಲಿ ಮಗುವನ್ನು ನಡೆಸಿಕೊಂಡು ಬರುವುದೇ?" ಎಂದು ಗದರಿಸಿದಂತೆ ಹೇಳಿ ಒಳಗೆ ಕರೆದುಕೊಂಡು ಹೋದನು. ನಮ್ಮ ಊಟದ ನಿಯಮವನ್ನು ಬಲ್ಲವನಾದ್ದರಿಂದ ಎಳನೀರು, ಬಾಳೆಯ ಹಣ್ಣು, ಕತ್ತರಿಸಿದ ಕಲ್ಲಂಗಡಿಗಳನ್ನು ಸಿದ್ಧಪಡಿಸಿದ್ದನು. ಆತನ ತಾಯಿಯವರು ಬಂದು ಮೊಮ್ಮಗಳ ತಲೆಯನ್ನು ನೇವರಿಸಿ ಒಳಮನೆಗೆ ಕರೆದೊಯ್ದರು.

ನಾವು ಮಾತನ್ನು ಹೇಗೆ ತೆಗೆಯಬೇಕೆಂದು ಅಳುಕುತ್ತಿರುವಾಗ ಆತನೇ ತೆಗೆದನು. "ಮಾಸ್ತರರೇ, ತಾವು ಹೇಳಿಕೊಟ್ಟ ಭಟ್ಟಾಕಳಂಕನನ್ನು ನಾನು ಮರೆತಿಲ್ಲ. ನನ್ನ ಮಗನಿಗೂ ಹೇಳಿಕೊಟ್ಟೆ. ಕಳೆದ ವರ್ಷ ಶಾಲೆಯಲ್ಲಿ 'ನಮ್ಮ ಊರು' ಎಂಬ ಭಾಷಣದಲ್ಲಿ ಅವನು ಅದನ್ನೇ ಹೇಳಿ ಮೊದಲನೆಯ ಬಹುಮಾನವನ್ನು ಪಡೆದನು" ಎಂದು ಗೋಡೆಯ ಮೇಲಿದ್ದ ಪ್ರಶಸ್ತಿಪತ್ರವನ್ನು ತೋರಿಸಿದನು. ಮಗನು, ಹದಿನಾಲ್ಕು ವರ್ಷದ ಹುಡುಗ, ಬಾಗಿಲ ಬಳಿ ನಾಚಿಕೊಂಡು ನಿಂತಿದ್ದನು.

ಆ ಗಳಿಗೆಯಲ್ಲಿ ಸುಮ್ಮನಿದ್ದು ಹಣ್ಣನ್ನು ತಿಂದು ಎದ್ದು ಬರುವುದು ಸುಲಭವಾಗಿತ್ತು. ಹಾಗೆ ಮಾಡುವ ಮನಸ್ಸೂ ಕ್ಷಣಕಾಲ ಆಯಿತೆಂಬುದನ್ನು ಮುಚ್ಚಿಡುವುದಿಲ್ಲ. ಕೊನೆಗೆ, "ನಾವು ಬಂದುದೇ ಆ ಮಾತಿಗಾಗಿ. ನಿನಗೆ ಕಲಿಸಿದುದು ತಪ್ಪು" ಎಂದೆವು. 1516 ನ್ನೂ 1604 ನ್ನೂ ಹೇಳಿದೆವು. ಹಳೆಯ ಗೆಜೆಟಿಯರುಗಳಲ್ಲಿ ಈ ಹೆಸರಿಗೆ 'ದುಂಡಾದ ಊರು' ಎಂಬ ಅರ್ಥವನ್ನು ಕೊಟ್ಟಿರುವುದನ್ನೂ, ಸಂಸ್ಕೃತದ 'ವೃತ್ತ' ಶಬ್ದವು 'ವಟ್ಟ'ವಾಗಿ 'ಬಟ್ಟ'ವಾಗುವುದು ತದ್ಭವದ ನಿಯಮಕ್ಕೆ ಒಪ್ಪುವುದನ್ನೂ, 'ಕಳ'ವೆಂದರೆ ಹಳಗನ್ನಡದಲ್ಲಿ ಕಣ, ಬಯಲು ಎಂಬುದನ್ನೂ ವಿವರಿಸಿದೆವು. ತಂದೆಯು ತಲೆಯನ್ನು ತಗ್ಗಿಸಿ ಕೇಳುತ್ತಿದ್ದನು. ಬೇಸರವಾಯಿತೋ, ನಮ್ಮ ಮುಖವನ್ನು ನೋಡಿ ಕನಿಕರವಾಯಿತೋ ತಿಳಿಯದು. "ಮೂವತ್ತು ವರ್ಷದ ಮಾತು, ಹೋಗಲಿ ಬಿಡಿ ಮಾಸ್ತರರೇ" ಎಂದನು.

ಮಗನು ಹಾಗೆ ಬಿಡಲಿಲ್ಲ. ಒಂದು ಚೀಟಿಯ ಮೇಲೆ ವರ್ಷಗಳನ್ನು ಬರೆದುಕೊಂಡು, ಕಳೆದು, "ಎಂಬತ್ತೆಂಟು ವರ್ಷ" ಎಂದನು. ಅನಂತರ ತಲೆಯೆತ್ತಿ, "ಆದರೆ ಸರ್, ಭಟ್ಟಾಕಳಂಕ ಎಂಬ ಹೆಸರಿನವರು ಒಬ್ಬರೇ ಇದ್ದರೆಂದು ಹೇಗೆ ಹೇಳುವುದು? ಬಸದಿಗೆ ಕರೆಸಿದವರು ಬೇರೆ, ವ್ಯಾಕರಣವನ್ನು ಬರೆದವರು ಬೇರೆ ಆಗಿದ್ದರೆ?" ಎಂದು ಕೇಳಿದನು.

ನಮಗೆ ಮಾತೇ ಹೊರಡಲಿಲ್ಲ. ತನ್ನ ಬಹುಮಾನವನ್ನು ಉಳಿಸಿಕೊಳ್ಳುವ ಆಸೆಯಿಂದಲೇ ಕೇಳಿದನೆನ್ನೋಣ. ಆದರೆ ಪ್ರಶ್ನೆ ಎಷ್ಟು ಸರಿಯಾದುದು! ಎಂಟನೆಯ ಶತಮಾನದಲ್ಲಿಯೇ ಅಕಳಂಕನೆಂಬ ಮಹಾತಾರ್ಕಿಕನು ಜೈನರಲ್ಲಿ ಆಗಿಹೋಗಿರುವನು. ಆತನ ಹೆಸರನ್ನು ಮುಂದಿನ ಎಷ್ಟೋ ಗುರುಗಳು ಧರಿಸಿದರು. ನಮ್ಮ ವೈಯಾಕರಣನ ಗುರುವಿನ ಹೆಸರೂ ಅಕಳಂಕದೇವನೇ. ಹಾಗಾದರೆ ಐತಿಹ್ಯವು ಪೂರಾ ಸುಳ್ಳಾಗಬೇಕಾಗಿಲ್ಲ. ಅದನ್ನು ಶಬ್ದಾನುಶಾಸನದ ಕರ್ತೃವಿಗೆ ಕಟ್ಟಿದುದು ಮಾತ್ರ ನಮ್ಮ ತಪ್ಪು. ಮೂವತ್ತು ವರ್ಷ ಹಠದಿಂದ ಒಂದನ್ನು ಹೇಳಿದವರು ಈಗ ಅಷ್ಟೇ ಹಠದಿಂದ ಅದರ ವಿರುದ್ಧವನ್ನು ಹೇಳಹೊರಟಿದ್ದೆವು! "ಇದಕ್ಕೆ ಪುಸ್ತಕಗಳನ್ನು ನೋಡಿ ಪತ್ರವನ್ನು ಬರೆಯುವೆವು" ಎಂದು ಹುಡುಗನಿಗೆ ಮಾತು ಕೊಟ್ಟೆವು. ಅವನು ಪ್ರಶಸ್ತಿಪತ್ರವನ್ನು ಕೆಳಗಿಳಿಸಬೇಕೇ ಎಂದು ಕೇಳಿದನು. ಬೇಡವೆಂದೆವು.

ಸಂಜೆ ತಂದೆಮಕ್ಕಳಿಬ್ಬರೂ ನಮ್ಮೊಡನೆ ಮಾವಿನಕುರ್ವೆಯ ಬಂದರಿನವರೆಗೆ ನಡೆದುಬಂದರು. ದಾರಿಯಲ್ಲಿ ಶರಾಬಿ ಹೊಳೆ. ಹಿಂದೆ ಸರಕಿನ ದೋಣಿಗಳು ಊರಿನವರೆಗೆ ಬರುತ್ತಿದ್ದ ಈ ಹೊಳೆಯಲ್ಲಿ ಈಗ ಹೂಳು ತುಂಬಿದೆ; ಅದನ್ನು ಎತ್ತಿಸಬೇಕೆಂದು ಊರವರು ಬಹುಕಾಲದಿಂದ ಕೇಳುತ್ತಿರುವರು. 1637 ರಲ್ಲಿ ವೆಡ್ಡಲ್ ಎಂಬ ಕಪ್ತಾನನ ಹಡಗುಗಳಲ್ಲಿ ಬಂದ ಇಂಗ್ಲಿಷರು ಇಲ್ಲಿ ಮೆಣಸಿನ ಕೋಠಿಯನ್ನು ತೆರೆದರು. ಅವರೊಳಗೊಬ್ಬನಾದ ಪೀಟರ್ ಮಂಡಿಯು ಘಟ್ಟವನ್ನು ಹತ್ತಿ ಇಕ್ಕೇರಿಗೆ ಹೋಗಿ ವೀರಭದ್ರ ನಾಯಕನ ಅಪ್ಪಣೆಯನ್ನು ಪಡೆದ ವಿಷಯವನ್ನು ಬರೆದಿಟ್ಟಿರುವನು. ಆ ವೇಳೆಗೆ ಕರಿಮೆಣಸಿನ ರಾಣಿಯೆಂದು ಪೋರ್ತುಗೀಜರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ರಾಜ್ಯವು ಇಕ್ಕೇರಿಯವರ ಕೈಸೇರಿ ಒಂದು ತಲೆಮಾರು ಕಳೆದಿತ್ತು. ಕೋಠಿಯ ನಾಯಿಯೊಂದು ದೇವರ ಹಸುವನ್ನು ಕೊಂದುದರಿಂದ 1670 ರಲ್ಲಿ ಊರವರು ಹದಿನೆಂಟು ಮಂದಿ ಇಂಗ್ಲಿಷರನ್ನು ಕೊಂದರೆಂದು ಹ್ಯಾಮಿಲ್ಟನ್ ಎಂಬ ಕಪ್ತಾನನು ಬಹುಕಾಲದ ಮೇಲೆ ಬರೆದ ಕಥೆಯೊಂದುಂಟು. ಕಥೆಯು ತುಸು ಹೆಚ್ಚಾಗಿಯೇ ಅಚ್ಚುಕಟ್ಟಾಗಿದೆ. ಒಂದು ಸಲ ಸುಟ್ಟುಕೊಂಡ ನಾವು ಈಗ ಇಂತಹವನ್ನು ಊದಿ ಊದಿ ನೋಡುವೆವು.

ದೀಪಸ್ತಂಭದ ಗುಡ್ಡವನ್ನು ಏರಿದಾಗ ಮೀನುಗಾರರ ದೋಣಿಗಳು ಸಾಲಾಗಿ ದಡಕ್ಕೆ ಬರುತ್ತಿದ್ದುವು. ವಾಯವ್ಯದಲ್ಲಿ ನೇತ್ರಾಣಿ ದ್ವೀಪವು ಮಂಜಿನಲ್ಲಿ ನೀಲಿಯಾಗಿ ಕಾಣಿಸಿತು. ಬಂದರು ಎರಡು ಕಡೆಗಳ ಗುಡ್ಡಗಳ ನಡುವೆ ಬಟ್ಟಲಿನಂತೆ ದುಂಡಗೆ ಇದೆಯೋ ಇಲ್ಲವೋ ಎಂದು ನಾವೂ ಹುಡುಗನೂ ಬಹಳ ಹೊತ್ತು ನೋಡಿದೆವು. ನಮಗೆ ದುಂಡಗೆ ತೋರಿತು. ಅವನಿಗೆ ತೋರಲಿಲ್ಲ.

ಪೇಟೆಗೆ ಹಿಂದಿರುಗಿ, ಬೀದಿಯ ಬದಿಯಲ್ಲಿ ಬುಟ್ಟಿಯನ್ನಿಟ್ಟುಕೊಂಡು ಕುಳಿತ ಹೆಂಗಸಿನಿಂದ ನಾಲ್ಕು ಮೊಳ ಮಲ್ಲಿಗೆಯನ್ನು ಕೊಂಡೆವು. ಮೊಗ್ಗುಗಳನ್ನು ಬಾಳೆಯ ನಾರಿನಿಂದ ಒತ್ತೊತ್ತಾಗಿ ಕಟ್ಟಿದ್ದಳು. ಮನೆಯನ್ನು ಮುಟ್ಟುವ ಹೊತ್ತಿಗೆ ಅರಳುವುವೆಂದಳು, ಹಾಗೆಯೇ ಅರಳಿದುವು. ಮೊಮ್ಮಗಳು ರೈಲಿನಲ್ಲಿ ನಮ್ಮ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಶರಾವತಿಯ ಸೇತುವೆ ಬಂದಾಗ ಎಬ್ಬಿಸೆಂದು ಹೇಳಿದ್ದಳು. ಎಬ್ಬಿಸಲು ಮನಸ್ಸು ಬರಲಿಲ್ಲ.

ಮರುದಿನ ಅಟ್ಟದ ಮೇಲಿನಿಂದ ಪುಸ್ತಕಗಳ ಪೆಟ್ಟಿಗೆಯನ್ನು ಇಳಿಸಿದೆವು. ಶಬ್ದಾನುಶಾಸನದ ಪ್ರತಿಗೆ ಬೆನ್ನಿನ ಕಡೆಯಿಂದ ಗೆದ್ದಲು ಹಿಡಿದಿದೆ. ಪೀಠಿಕೆಯ ಮೊದಲ ಹಾಳೆಗಳು ಹೋಗಿವೆ. ಉಳಿದುದನ್ನು ಬಿಸಿಲಿಗೆ ಹರಡಿಟ್ಟಿರುವೆವು. ಸ್ಪೇನಿಗೆ ಬರೆಯಬೇಕಾದ ಎರಡನೆಯ ಪತ್ರವು ಹುಡುಗನಿಗೆ ಬರೆಯಬೇಕಾದುದು ಮುಗಿದ ಮೇಲೆ.